ವೈರ್ ಹೋದ ದಾರಿಯಲ್ಲೇ ಗ್ಯಾಸ್ ಬಂತು: ಒಂದು ಸೀಲಿನ ಇತಿಹಾಸ

ಬೋರ್‌ವೆಲ್ ಇರುವ ರೈತರಿಗೆ ಸಬ್‌ಮರ್ಸಿಬಲ್ ಮೋಟರ್ ಬಗ್ಗೆ ಹೇಳಿಕೊಡಬೇಕಿಲ್ಲ. ಮೋಟರ್ ನೀರಿನಲ್ಲೇ ಮುಳುಗಿರುತ್ತದೆ. ಕರೆಂಟಿನ ಕೇಬಲ್ ಪೈಪಿನ ಜೊತೆಗೇ ಕೆಳಗಿಳಿದು ಮೋಟರ್ ಸೇರುತ್ತದೆ. ಸೇರುವ ಜಾಗದಲ್ಲಿ ಜಾಯಿಂಟ್ ಸಡಿಲವಾದರೆ ನೀರು ಒಳಹೊಕ್ಕು ಮೋಟರ್ ಸುಡುತ್ತದೆ. ಆಗ ರಿವೈಂಡಿಂಗ್ ಖರ್ಚು, ಮೋಟರ್ ಎತ್ತಿ ಇಳಿಸುವ ಕೂಲಿ, ಅಷ್ಟರಲ್ಲಿ ಬಾಡಿದ ಬೆಳೆ, ಇಷ್ಟು ನಷ್ಟ.

ಅಂಥದೇ ಮೋಟರ್ ನೀರಿನ ಬದಲು ಉರಿಯುವ ದ್ರವದಲ್ಲಿ ಮುಳುಗಿದ್ದರೆ? ಅದರ ಜಾಯಿಂಟ್ ಸಡಿಲವಾದರೆ?

ಇಂಥ ಪಂಪುಗಳು ನಿಜವಾಗಿಯೂ ಇವೆ. ನೈಸರ್ಗಿಕ ಅನಿಲವನ್ನು ಮೈನಸ್ 162 ಡಿಗ್ರಿವರೆಗೆ ತಂಪು ಮಾಡಿದರೆ ಅದು ನೀರಿನಂತೆ ದ್ರವವಾಗುತ್ತದೆ. ಅದನ್ನೇ ಎಲ್‌ಎನ್‌ಜಿ ಎನ್ನುತ್ತಾರೆ. ಆ ದ್ರವವನ್ನು ತಳ್ಳುವ ಪಂಪಿನ ಮೋಟರ್ ಕೂಡ ದ್ರವದೊಳಗೇ ಮುಳುಗಿರುತ್ತದೆ. 1979ರಲ್ಲಿ ಅಮೆರಿಕದಲ್ಲಿ ಅಂಥ ಒಂದು ಪಂಪಿನ ಕೇಬಲ್ ಜಾಗದ ಸೀಲ್ ಬಿಗಿಯಾಗಿರಲಿಲ್ಲ. ಒಬ್ಬ ಕೆಲಸಗಾರ ಸತ್ತ, ಇನ್ನೊಬ್ಬ ತೀವ್ರವಾಗಿ ಗಾಯಗೊಂಡ. ಸ್ಫೋಟ ಆಗಿದ್ದು ಪಂಪಿನ ಹತ್ತಿರ ಅಲ್ಲ, ದೂರದ ಇನ್ನೊಂದು ಕಟ್ಟಡದಲ್ಲಿ.

ಆ ಘಟನೆ ಅರ್ಥವಾಗಬೇಕಾದರೆ ಮೊದಲು ಕಲ್ಲಿದ್ದಲ ಗಣಿಗೆ ಹೋಗಬೇಕು. ಕರೆಂಟು ಮತ್ತು ಉರಿಯುವ ಗ್ಯಾಸ್ ಹೇಗೆ ಎದುರಾಗುತ್ತವೆ ಎಂಬ ಪಾಠ ಶುರುವಾಗಿದ್ದೇ ಅಲ್ಲಿ.

ದೀಪದಿಂದ ಶುರುವಾದ ಪಾಠ

ಕಲ್ಲಿದ್ದಲ ಪದರಗಳಲ್ಲಿ ಮೀಥೇನ್ ಅನಿಲ ಅಡಗಿರುತ್ತದೆ. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಮೀಥೇನೇ. ಇದು ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಬೆರೆತಾಗ ಕಿಡಿ ತಗುಲಿದರೆ ಸ್ಫೋಟಿಸುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಹತ್ತಿಕೊಳ್ಳಲು ಗ್ಯಾಸ್ ಸಾಲದು, 15ಕ್ಕಿಂತ ಹೆಚ್ಚಾದರೆ ಗಾಳಿ ಸಾಲದು.

1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಆಗಿನ ಗಣಿ ಕೆಲಸಗಾರರಿಗೆ ಬೆಳಕು ಎಂದರೆ ತೆರೆದ ಜ್ವಾಲೆ. 1815ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಸುತ್ತಿದರೆ ಒಳಗಿನ ಜ್ವಾಲೆ ಹೊರಗೆ ದಾಟುವುದಿಲ್ಲ ಎಂದು ತೋರಿಸಿದರು. ಜ್ವಾಲೆ ಬಲೆಯ ಮೂಲಕ ಹಾಯುವಾಗ ಲೋಹ ಅದರ ಬಿಸಿ ಹೀರಿಕೊಳ್ಳುತ್ತದೆ, ಹೊರಗಿನ ಗ್ಯಾಸ್ ಹತ್ತಿಕೊಳ್ಳುವಷ್ಟು ಶಾಖ ಉಳಿಯುವುದಿಲ್ಲ. ಗ್ಯಾಸ್ ಒಳಗೆ ಬರಬಹುದು, ಬೆಂಕಿ ಮಾತ್ರ ಹೊರಗೆ ಹೋಗಬಾರದು. ಮುಂದೆ ನೂರು ವರ್ಷ ಎಲ್ಲರೂ ಹಿಡಿದ ಎಳೆ ಇದೇ.

ಆಮೇಲೆ ಗಣಿಗೆ ಕರೆಂಟು ಬಂತು. ಮೋಟರ್ ಬಂತು, ಸ್ವಿಚ್ ಬಂತು, ಸಂಕೇತ ಕೊಡುವ ಗಂಟೆ ಬಂತು. ಸ್ವಿಚ್ ಹಾಕಿದಾಗ, ತೆಗೆದಾಗ ಕಿಡಿ ಏಳುವುದು ಸಹಜ. ಮನೆಯ ಸ್ವಿಚ್‌ಬೋರ್ಡಿನಲ್ಲಿ ಕತ್ತಲಲ್ಲಿ ಎಷ್ಟೋ ಸಲ ನೋಡಿರುತ್ತೇವೆ. ಗಣಿಯಲ್ಲಿ ಆ ಸಣ್ಣ ಕಿಡಿಯೇ ಸಾಕು.

20ನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಕಾರ್ಲ್ ಬೈಲಿಂಗ್ ಎಂಬ ಗಣಿ ಅಧಿಕಾರಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕಿಡಿ ಏಳುವ ಉಪಕರಣವನ್ನು ಗಟ್ಟಿ ಲೋಹದ ಪೆಟ್ಟಿಗೆಯಲ್ಲಿಟ್ಟು, ಒಳಗೆ ಬೇಕೆಂದೇ ಗ್ಯಾಸ್ ತುಂಬಿ ಸ್ಫೋಟಿಸಿದರು. ಪೆಟ್ಟಿಗೆಯ ಮುಚ್ಚಳ ಕೂರುವ ಅಂಚು ಸಾಕಷ್ಟು ಅಗಲವಿದ್ದು, ಸಂದು ಸಾಕಷ್ಟು ಕಿರಿದಾಗಿದ್ದರೆ ಒಳಗಿನ ಬೆಂಕಿ ಆ ಸಂದಿನಲ್ಲೇ ತಣ್ಣಗಾಗುತ್ತದೆ ಎಂದು ಕಂಡುಕೊಂಡರು. ಡೇವಿ ದೀಪದ ಸೂತ್ರವೇ ಇಲ್ಲಿ ದೊಡ್ಡ ಪೆಟ್ಟಿಗೆಗೆ ಬಂದಿತ್ತು. ಇವತ್ತು 'ಫ್ಲೇಮ್‌ಪ್ರೂಫ್' ಎಂದು ಕರೆಯುವ ದಪ್ಪ ಪೆಟ್ಟಿಗೆಗಳ ಮೂಲ ಇದು. ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕುವ ಯಂತ್ರದ ಒಳಗೂ ಇಂಥ ಪೆಟ್ಟಿಗೆ ಇರುತ್ತದೆ.

ಆದರೆ ಪಾಠ ಎಲ್ಲರಿಗೂ ಒಂದೇ ಸಲಕ್ಕೆ ತಲುಪಲಿಲ್ಲ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿತ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿ ಕೆಲಸಗಾರರು ಸತ್ತರು. ಅವರನ್ನು ಹುಡುಕಲು ಹೋದವರಲ್ಲೂ ಒಬ್ಬರು ಉಳಿಯಲಿಲ್ಲ. ಕಾರಣ ಖಚಿತವಾಗಿ ಸಾಬೀತಾಗಲಿಲ್ಲ. ಅನುಮಾನ ಬಿದ್ದದ್ದರಲ್ಲಿ ಒಂದು ಸಂಕೇತದ ಗಂಟೆಯ ತಂತಿಯಿಂದ ಎದ್ದ ಕಿಡಿಯ ಮೇಲೆ. ಸುರಕ್ಷಾ ನಿಯಮ ಮುರಿದಿದ್ದಕ್ಕೆ ಗಣಿಯ ಮ್ಯಾನೇಜರ್‌ಗೆ ವಿಧಿಸಿದ ದಂಡ 24 ಪೌಂಡ್. ಆಗಿನ ಲೆಕ್ಕದಲ್ಲಿ ಅದು 480 ಶಿಲಿಂಗ್. ಸತ್ತವರ ತಲೆಗೆ ಹಂಚಿದರೆ ಒಂದು ಜೀವಕ್ಕೆ ಒಂದು ಶಿಲಿಂಗ್ ಚಿಲ್ಲರೆ. ಸಂಖ್ಯೆ ಓದಿದರೆ ಹೊಟ್ಟೆ ತೊಳಸುತ್ತದೆ.

ಆ ದುರಂತದ ನಂತರ ವೀಲರ್ ಮತ್ತು ಥಾರ್ನ್‌ಟನ್ ಎಂಬ ಇಬ್ಬರು ಗಂಟೆಯ ಕಿಡಿಯನ್ನೇ ಅಧ್ಯಯನ ಮಾಡಿದರು. ಕಿಡಿಯ ಶಕ್ತಿಯನ್ನೇ ಗ್ಯಾಸ್ ಹೊತ್ತದಷ್ಟು ಕಡಿಮೆ ಮಾಡಬಹುದು ಎಂಬ ದಾರಿ ಅಲ್ಲಿಂದ ತೆರೆಯಿತು. ಕಿಡಿ ಎದ್ದರೂ ಹೊತ್ತದ ಇಂಥ ವ್ಯವಸ್ಥೆಗೆ 'ಇಂಟ್ರಿನ್ಸಿಕಲಿ ಸೇಫ್' ಎನ್ನುತ್ತಾರೆ.

ಪೆಟ್ಟಿಗೆ ಗಟ್ಟಿ, ಆದರೆ ತೂತು?

ಎಂಥ ಗಟ್ಟಿ ಪೆಟ್ಟಿಗೆ ಮಾಡಿದರೂ ಅದಕ್ಕೊಂದು ತೂತು ಬೇಕೇ ಬೇಕು, ವೈರ್ ಒಳಗೆ ಹೋಗಲು. ಚಿತ್ರದುರ್ಗದ ಏಳುಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತಲ್ಲ, ಹಾಗೆ.

ಅಮೆರಿಕದಲ್ಲಿ ಕಾರ್ಖಾನೆಯ ವೈರುಗಳನ್ನು ಕಬ್ಬಿಣದ ಪೈಪಿನೊಳಗೆ ಎಳೆಯುವ ಪದ್ಧತಿ ಬೆಳೆಯಿತು. ಇದಕ್ಕೆ ಕಾಂಡ್ಯೂಟ್ ಎನ್ನುತ್ತಾರೆ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಪೈಪು. ಪೈಪು ವೈರಿಗೆ ರಕ್ಷಣೆ ಕೊಡುತ್ತದೆ. ಆದರೆ ವೈರ್ ಎಳೆದ ಮೇಲೂ ಪೈಪಿನಲ್ಲಿ ಜಾಗ ಉಳಿದಿರುತ್ತದೆ. ಆ ಜಾಗದಲ್ಲಿ ಗ್ಯಾಸ್ ಓಡಾಡಬಹುದು, ಬೆಂಕಿಯೂ ಓಡಬಹುದು.

ಬೆಂಕಿ ಓಡಿದರೆ ಇನ್ನೊಂದು ಅಪಾಯವಿದೆ. ಮೊದಲ ಪೆಟ್ಟಿಗೆಯಲ್ಲಿ ಸ್ಫೋಟವಾದಾಗ ಅದರ ಒತ್ತಡ ಪೈಪಿನ ಮೂಲಕ ಮುಂದಿನ ಪೆಟ್ಟಿಗೆಯಲ್ಲಿರುವ ಗ್ಯಾಸನ್ನು ಒತ್ತಿ ಅದುಮುತ್ತದೆ. ಹಿಂದೆಯೇ ಜ್ವಾಲೆ ಬರುತ್ತದೆ. ಅದುಮಿದ ಗ್ಯಾಸ್ ಸ್ಫೋಟಿಸಿದರೆ ಮೊದಲಿನದಕ್ಕಿಂತ ಜೋರಾಗಿರುತ್ತದೆ. ಮೊದಲ ಪೆಟ್ಟಿಗೆ ತಡೆದುಕೊಂಡರೂ ಎರಡನೆಯದು ಸಿಡಿಯಬಹುದು.

ಇದಕ್ಕೆ ಕಂಡುಕೊಂಡ ಉಪಾಯ ಪೈಪಿನ ಮಧ್ಯೆ ಸೀಲ್ ಹಾಕುವುದು. ಕೆಲಸ ನೋಡಲು ಸುಲಭ. ಪೈಪಿನ ನಡುವೆ ಉಬ್ಬಿದ ಹೊಟ್ಟೆಯಂಥ ಒಂದು ಫಿಟ್ಟಿಂಗ್ ಕೂರಿಸುತ್ತಾರೆ. ಅದರೊಳಗೆ ವೈರುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸುತ್ತಾರೆ. ಕೆಳಗೆ ನಾರು ತುರುಕಿ ಒಡ್ಡು ಕಟ್ಟುತ್ತಾರೆ. ಮೇಲಿನಿಂದ ಸಿಮೆಂಟಿನಂಥ ಪೇಸ್ಟ್ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಅದು ಪೈಪಿನ ಗಂಟಲಿಗೆ ಬಿರಡೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ನಿಯಮಾವಳಿಯಲ್ಲಿ ಇದರ ಅಳತೆಗಳಿವೆ. ಕಿಡಿ ಏಳುವ ಉಪಕರಣದ ಪೆಟ್ಟಿಗೆಯಿಂದ 18 ಇಂಚಿನೊಳಗೆ ಸೀಲ್ ಇರಬೇಕು. ತುಂಬಿದ ಪೇಸ್ಟ್ ಕನಿಷ್ಠ 16 ಮಿಲಿಮೀಟರ್ ದಪ್ಪ ಇರಬೇಕು. 93 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖಕ್ಕೆ ಕರಗಬಾರದು. ಅಪಾಯದ ಜಾಗದಿಂದ ಸುರಕ್ಷಿತ ಜಾಗಕ್ಕೆ ಪೈಪ್ ದಾಟುವ ಗಡಿಯಲ್ಲೂ ಒಂದು ಸೀಲ್ ಬೇಕು.

ಭಾರತದಲ್ಲಿ, ಯುರೋಪಿನಲ್ಲಿ ಹೆಚ್ಚು ಕಡೆ ಪೈಪಿನ ಬದಲು ಲೋಹದ ಕವಚವಿರುವ ಕೇಬಲ್ ಬಳಸುತ್ತಾರೆ. ಕೇಬಲ್ ಪೆಟ್ಟಿಗೆ ಸೇರುವಲ್ಲಿ ಗ್ಲ್ಯಾಂಡ್ ಎಂಬ ಹಿತ್ತಾಳೆಯ ಬಿಗಿ ಬಳೆ ಹಾಕುತ್ತಾರೆ. ನೆಲದ ಕಾಲುವೆಯಲ್ಲಿ ಕೇಬಲ್ ಹಾಕಿದರೆ ಮರಳು ತುಂಬುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ತಗ್ಗಿಗೆ ಹರಿಯುತ್ತದೆ, ಖಾಲಿ ಕಾಲುವೆ ಸಿಕ್ಕರೆ ಅದರಲ್ಲೇ ಸಾಗುತ್ತದೆ. ವಿಧಾನ ಬೇರೆಯಾದರೂ ಉದ್ದೇಶ ಒಂದೇ: ವೈರ್ ಹೋಗಲಿ, ಗ್ಯಾಸ್ ಹೋಗದಿರಲಿ.

ಆದರೆ ಈ ಸೀಲಿಗೂ ಒಂದು ಮಿತಿ ಇದೆ. ಇದು ಬೆಂಕಿ ತಡೆಯಲು ಮಾಡಿದ್ದು. ಒಂದು ಕಡೆಯಿಂದ ಗ್ಯಾಸ್ ಸದಾ ಒತ್ತುತ್ತಲೇ ಇದ್ದರೆ ಇದು ಪೂರ್ತಿ ತಡೆಯುವುದಿಲ್ಲ ಎಂದು ಅಮೆರಿಕದ ನಿಯಮಾವಳಿಯೇ ಹೇಳುತ್ತದೆ. ನಾಲ್ಕಾರು ಇಂಚು ನೀರಿನಷ್ಟು ಒತ್ತಡವಿದ್ದರೂ ಗ್ಯಾಸ್ ಸೀಲಿನ ಮೂಲಕ, ವೈರಿನ ಎಳೆಗಳ ಮೂಲಕ ನಿಧಾನವಾಗಿ ನುಸುಳಬಹುದು. ವೈರ್ ಎಂದರೆ ಸಣ್ಣ ತಾಮ್ರದ ಎಳೆಗಳ ಕಟ್ಟು. ಲಾಟೀನಿನ ಬತ್ತಿಯಲ್ಲಿ ಸೀಮೆಎಣ್ಣೆ ಹೇಗೆ ಏರುತ್ತದೋ ಹಾಗೆಯೇ ಆ ಎಳೆಗಳ ಸಂದಿಯೂ ಒಂದು ದಾರಿ.

ಕೋವ್ ಪಾಯಿಂಟ್, 1979

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಚೆಸಪೀಕ್ ಕೊಲ್ಲಿಯ ದಡದಲ್ಲಿ ಕೋವ್ ಪಾಯಿಂಟ್ ಎಂಬ ಎಲ್‌ಎನ್‌ಜಿ ಘಟಕವಿದೆ. 1970ರ ದಶಕದಲ್ಲಿ ಕಟ್ಟಿದ್ದು. ಆಗ ಅಲ್ಜೀರಿಯಾದಿಂದ ಹಡಗಿನಲ್ಲಿ ಬರುವ ದ್ರವ ಅನಿಲವನ್ನು ಇಳಿಸಿಕೊಂಡು, ಮತ್ತೆ ಗ್ಯಾಸ್ ಮಾಡಿ ಪೈಪಿನಲ್ಲಿ ಕಳಿಸುವುದು ಅಲ್ಲಿನ ಕೆಲಸ.

ಅಲ್ಲಿನ ಪಂಪಿನ ಮೋಟರ್ ದ್ರವದಲ್ಲಿ ಮುಳುಗಿತ್ತು. ಕೇಳಿದರೆ ಭಯವಾಗುತ್ತದೆ, ಆದರೆ ಒಳಗೆ ಗಾಳಿಯೇ ಇಲ್ಲದ್ದರಿಂದ ಅಲ್ಲಿ ಬೆಂಕಿ ಹತ್ತುವಂತಿಲ್ಲ. ಅಪಾಯ ಇದ್ದದ್ದು ಕೇಬಲ್ ದ್ರವದಿಂದ ಹೊರಗೆ ಬರುವ ಜಾಗದಲ್ಲಿ. ಒಂದು ಕಡೆ ಒತ್ತಡದಲ್ಲಿರುವ ದ್ರವ, ಇನ್ನೊಂದು ಕಡೆ ವೈರಿಂಗ್. ಮಧ್ಯೆ ಒಂದು ಸೀಲ್.

1979ರ ಅಕ್ಟೋಬರ್ 6ರಂದು ಆ ಸೀಲ್ ಸೋರಿತು. ಅದನ್ನು ಸಾಕಷ್ಟು ಬಿಗಿ ಮಾಡಿರಲಿಲ್ಲ ಎಂದು ತನಿಖೆಯಲ್ಲಿ ತಿಳಿಯಿತು. ಸೋರಿದ ದ್ರವ ಆವಿಯಾಯಿತು. ಆವಿ ಕೇಬಲ್ ಹಾಕಿದ ನೆಲದಡಿಯ ಪೈಪನ್ನು ಹೊಕ್ಕು, ಸುಮಾರು 200 ಅಡಿ ಸಾಗಿ, ವಿದ್ಯುತ್ ಸಬ್‌ಸ್ಟೇಷನ್ ಕಟ್ಟಡದೊಳಗೆ ಬಂತು.

ಆ ಕಟ್ಟಡದಲ್ಲಿ ಗ್ಯಾಸ್ ಪತ್ತೆ ಮಾಡುವ ಯಂತ್ರ ಇರಲಿಲ್ಲ. ಯಾಕೆಂದರೆ ಅಲ್ಲಿಗೆ ಗ್ಯಾಸ್ ಬರಬಹುದು ಎಂದು ಯಾರೂ ಎಣಿಸಿರಲಿಲ್ಲ. ಅದು ಕರೆಂಟಿನ ಮನೆ, ಗ್ಯಾಸಿನ ಮನೆಯಲ್ಲ. ವಾಸನೆಯಿಂದ ತಿಳಿಯುವಂತೆಯೂ ಇರಲಿಲ್ಲ. ನಮ್ಮ ಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಬೇಕೆಂದೇ ಸೇರಿಸಿದ್ದು. ಎಲ್‌ಎನ್‌ಜಿಗೆ ಆ ವಾಸನೆ ಇರುವುದಿಲ್ಲ.

ಸೋರಿಕೆ ಎಷ್ಟು ಇದ್ದರೆ ಸಾಕು ಎಂದು ನಾವು ಲೆಕ್ಕ ಹಾಕಿ ನೋಡಿದೆವು. ಒಂದು ಲೀಟರ್ ಎಲ್‌ಎನ್‌ಜಿ ಆವಿಯಾದರೆ ಸುಮಾರು 600 ಲೀಟರ್ ಗ್ಯಾಸ್ ಆಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 28,300 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ ಶೇಕಡಾ 5 ಗ್ಯಾಸ್ ಬೆರೆಯಲು ಬೇಕಾದ ದ್ರವ ಎರಡೂವರೆ ಲೀಟರ್. ಅಂದರೆ ಒಂದು ಸಣ್ಣ ಕ್ಯಾನು.

ಸಬ್‌ಸ್ಟೇಷನ್ನಿನಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್ ತನ್ನ ದಿನನಿತ್ಯದ ಕೆಲಸ ಮಾಡಿತು. ಸಂಪರ್ಕ ಬಿಡುವಾಗ ಏಳುವ ಸಹಜ ಕಿಡಿ ಎದ್ದಿತು. ಕಟ್ಟಡ ಸ್ಫೋಟಿಸಿತು. ಒಬ್ಬರು ಸತ್ತರು, ಒಬ್ಬರು ತೀವ್ರ ಗಾಯಗೊಂಡರು. ಸುಮಾರು 30 ಲಕ್ಷ ಡಾಲರ್ ನಷ್ಟ.

ಬೆಂಕಿ ಅನಾಹುತ ಎಂದ ಕೂಡಲೇ 'ಶಾರ್ಟ್ ಸರ್ಕ್ಯೂಟ್' ಎಂಬ ಪದ ಪತ್ರಿಕೆಯಲ್ಲಿ ಬರುತ್ತದೆ. ಇಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿರಲಿಲ್ಲ. ವೈರ್ ಸುಟ್ಟಿರಲಿಲ್ಲ. ಬ್ರೇಕರ್ ಕೆಟ್ಟಿರಲಿಲ್ಲ. ಕರೆಂಟಿನ ಯಾವ ಭಾಗವೂ ತಪ್ಪು ಮಾಡಿರಲಿಲ್ಲ. ವೈರಿಗೆಂದು ಮಾಡಿಕೊಟ್ಟ ದಾರಿಯಲ್ಲಿ ಗ್ಯಾಸ್ ನಡೆದು ಬಂದಿತ್ತು, ಅಷ್ಟೇ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿತು. ಅದರಲ್ಲಿ ನಮ್ಮನ್ನು ಹೆಚ್ಚು ಕಾಡಿದ ಮಾತು ಇದು: ಘಟಕವನ್ನು ಆಗಿನ ಎಲ್ಲ ನಿಯಮಗಳ ಪ್ರಕಾರವೇ ಕಟ್ಟಲಾಗಿತ್ತು. ಕಾಗದದ ಮೇಲೆ ಎಲ್ಲ ಸರಿ ಇತ್ತು. ನಿಯಮ ಬರೆದವರಿಗೆ ಆ ದಾರಿ ಕಂಡಿರಲಿಲ್ಲ.

ಎರಡು ಸೀಲ್, ಮಧ್ಯೆ ಒಂದು ಕಣ್ಣು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಕೈಗಾರಿಕಾ ಸುರಕ್ಷತೆಯ ನಿಯಮಗಳಲ್ಲಿ ಹೆಚ್ಚಿನವು ಹೀಗೆಯೇ ಬಂದಿವೆ. ಕೋವ್ ಪಾಯಿಂಟ್ ನಂತರ ಎಲ್‌ಎನ್‌ಜಿ ಘಟಕಗಳ ನಿಯಮವೂ ರಾಷ್ಟ್ರೀಯ ವಿದ್ಯುತ್ ನಿಯಮಾವಳಿಯೂ ಬದಲಾದವು.

ಹೊಸ ನಿಯಮದ ತಿರುಳು ಮೂರು ಮಾತಿನದು. ಒಂದು, ಉರಿಯುವ ದ್ರವಕ್ಕೂ ವೈರಿಂಗ್‌ಗೂ ಮಧ್ಯೆ ಇರುವ ಒಂದೇ ಸೀಲನ್ನು ನಂಬಿ ಕೂರಬಾರದು, ಅದರ ಹಿಂದೆ ಎರಡನೆಯದು ಬೇಕು. ಎರಡು, ಎರಡರ ಮಧ್ಯೆ ಗ್ಯಾಸ್ ಹೊರಗೆ ಹೋಗಲು ಒಂದು ಕಿಂಡಿ ಬೇಕು. ಮೂರು, ಮೊದಲ ಸೀಲ್ ಸೋತರೆ ಅದು ಹೊರಗಿನವರಿಗೆ ಗೊತ್ತಾಗಬೇಕು.

ಮೂರನೆಯ ಮಾತೇ ಮುಖ್ಯ ಎಂದು ನಮಗೆ ಅನಿಸುತ್ತದೆ. ಬರೀ ಎರಡು ಸೀಲ್ ಹಾಕಿ ಸುಮ್ಮನಾದರೆ ಮೊದಲನೆಯದು ಯಾವಾಗ ಸೋತಿತು ಎಂದು ಯಾರಿಗೂ ತಿಳಿಯುವುದಿಲ್ಲ. ಆಗ ಹೆಸರಿಗೆ ಎರಡು, ಕೆಲಸಕ್ಕೆ ಒಂದೇ. ಸೋರಿಕೆ ಮಧ್ಯದ ಕಿಂಡಿಯಿಂದ ಬಯಲಿಗೆ ಬಂದು, ತೊಟ್ಟಿಕ್ಕಿಯೋ, ಸಿಳ್ಳೆ ಹಾಕಿಯೋ, ಅಲಾರಂ ಬಾರಿಸಿಯೋ ತನ್ನನ್ನು ತೋರಿಸಿಕೊಳ್ಳಬೇಕು. ಚಿತ್ರದುರ್ಗದ ಕಿಂಡಿಯ ಬಳಿ ಓಬವ್ವ ಇದ್ದದ್ದರಿಂದ ಹೈದರನ ಸೈನಿಕರು ನುಸುಳಿದ್ದು ಗೊತ್ತಾಯಿತು. ಕೋವ್ ಪಾಯಿಂಟ್‌ನ ಪೈಪಿನ ಬಾಯಲ್ಲಿ ನೋಡುವವರೇ ಇರಲಿಲ್ಲ.

2003ರಲ್ಲಿ ಅಮೆರಿಕದ ಉಪಕರಣ ಎಂಜಿನಿಯರುಗಳ ಸಂಸ್ಥೆಯಾದ ಐಎಸ್‌ಎ ಇದಕ್ಕೆಂದೇ ಪ್ರತ್ಯೇಕ ಮಾನದಂಡ ಹೊರಡಿಸಿತು. ಒತ್ತಡ ಅಳೆಯುವ, ಹರಿವು ಅಳೆಯುವ, ಟ್ಯಾಂಕಿನ ಮಟ್ಟ ಅಳೆಯುವ ಉಪಕರಣಗಳಿಗೂ ಅದು ಅನ್ವಯಿಸಿತು. ಯಾಕೆಂದರೆ ಅವೂ ಒಂದು ಕಡೆ ದ್ರವವನ್ನು, ಇನ್ನೊಂದು ಕಡೆ ವೈರನ್ನು ಮುಟ್ಟಿಕೊಂಡಿರುತ್ತವೆ. ಒಂದೇ ಸೀಲ್ ಇರುವ ಉಪಕರಣವಾದರೆ ಕಠಿಣ ಪರೀಕ್ಷೆ ದಾಟಬೇಕು. ಎರಡು ಸೀಲಿನದಾದರೆ ಮೊದಲನೆಯದರ ಸೋಲನ್ನು ತೋರಿಸುವ ವ್ಯವಸ್ಥೆ ಇರಬೇಕು. 2015ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಆಯೋಗವೂ ಇದೇ ವಿಷಯಕ್ಕೆ ತಾಂತ್ರಿಕ ನಿರ್ದೇಶನ ತಂದಿತು. ಒಂದು ಸಡಿಲ ಸೀಲಿನಿಂದ ಅಲ್ಲಿಗೆ ಬರಲು 36 ವರ್ಷ ಬೇಕಾಯಿತು.

ನಮಗೇನು ಸಂಬಂಧ?

ಕೋವ್ ಪಾಯಿಂಟ್ ಈಗಲೂ ಇದೆ. ಈಗ ಅದರ ಮುಖ್ಯ ಕೆಲಸ ಅನಿಲವನ್ನು ಹೊರಗೆ ಕಳಿಸುವುದು. 2018ರಲ್ಲಿ ರಫ್ತು ಶುರುವಾಯಿತು. ಅಲ್ಲಿಂದ ವರ್ಷಕ್ಕೆ 23 ಲಕ್ಷ ಟನ್‌ನಂತೆ 20 ವರ್ಷ ಅನಿಲ ಪಡೆಯಲು ಒಪ್ಪಂದ ಮಾಡಿಕೊಂಡವರಲ್ಲಿ ನಮ್ಮ ಸರ್ಕಾರಿ ಕಂಪನಿ ಗೇಲ್ ಕೂಡ ಒಂದು. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಭಾಗಗಳನ್ನು ಹಾದು ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನ್ ಇದೇ ಗೇಲ್‌ನದು. 2013ರಿಂದ ಅದು ನಮ್ಮ ಹೊಲಗಳ ಕೆಳಗೇ ಇದೆ. ದಾರಿಯುದ್ದಕ್ಕೂ ಹಳದಿ ಫಲಕ ನೆಟ್ಟಿರುವುದನ್ನು ಬಹಳ ಜನ ನೋಡಿರುತ್ತೀರಿ. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಕೂಡ ಉದ್ಘಾಟನೆಯಾಯಿತು.

ಪೈಪ್‌ಲೈನ್ ಅಷ್ಟೇ ಅಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಸಕ್ಕರೆ ಕಾರ್ಖಾನೆಗಳ ಜೊತೆಗೆ ಎಥೆನಾಲ್ ಘಟಕಗಳು ಎದ್ದಿವೆ. ಹೆದ್ದಾರಿಗಳಲ್ಲಿ ಬಂಕುಗಳು ಹೆಚ್ಚಿವೆ. ಗ್ಯಾಸ್ ಬಾಟ್ಲಿಂಗ್ ಘಟಕಗಳಿವೆ. ಇಲ್ಲೆಲ್ಲ ವೈರ್ ಎಳೆಯುವವರು, ಗ್ಲ್ಯಾಂಡ್ ಬಿಗಿ ಮಾಡುವವರು, ರಾತ್ರಿ ಪಾಳಿಯಲ್ಲಿ ಬ್ರೇಕರ್ ಹಾಕಿ ತೆಗೆಯುವವರು ನಮ್ಮ ಊರುಗಳಿಂದ ಐಟಿಐ ಓದಿ ಹೋದ ಹುಡುಗರು. ಬಹಳಷ್ಟು ಜನ ಗುತ್ತಿಗೆ ಕೆಲಸದವರು.

ನಮ್ಮ ದೇಶದಲ್ಲೂ ನಿಯಮಗಳಿಗೆ ಕೊರತೆ ಇಲ್ಲ. ಪೆಟ್ರೋಲಿಯಂ ಕಾಯ್ದೆ 1934ರದು. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಎಂಬ ಸಂಸ್ಥೆ ಇಂಥ ಜಾಗಗಳಿಗೆ, ಅಲ್ಲಿ ಬಳಸುವ ವಿದ್ಯುತ್ ಉಪಕರಣಗಳಿಗೆ ಒಪ್ಪಿಗೆ ಕೊಡುತ್ತದೆ. ಗ್ಯಾಸ್ ಸದಾ ಇರುವ ಜಾಗ ಜೋನ್ 0, ಆಗಾಗ ಬರಬಹುದಾದದ್ದು ಜೋನ್ 1, ಅಪರೂಪಕ್ಕೆ ಬರಬಹುದಾದದ್ದು ಜೋನ್ 2. ಆಯಾ ಜೋನಿಗೆ ತಕ್ಕ ಉಪಕರಣ ಹಾಕಬೇಕು. ಅದರ ಆಚೆಗಿನದು ಸುರಕ್ಷಿತ ಜಾಗ, ಅಲ್ಲಿ ಸಾಧಾರಣ ಸ್ವಿಚ್ ನಡೆಯುತ್ತದೆ.

ಆದರೆ ಗ್ಯಾಸಿಗೆ ನಕ್ಷೆ ಓದಲು ಬರುವುದಿಲ್ಲ. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದಲ್ಲಿ ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲ್ ಸೋರಿ, ಅದರ ಆವಿ ಇಡೀ ಆವರಣವನ್ನು ಆವರಿಸಿ ಸ್ಫೋಟಿಸಿತು. ದಿನಗಟ್ಟಲೆ ಟ್ಯಾಂಕುಗಳು ಉರಿದವು. ಬೆಂಕಿ ಹೊತ್ತಿದ್ದು ಆಡಳಿತ ಕಟ್ಟಡದ ಸಾಧಾರಣ ವಿದ್ಯುತ್ ಉಪಕರಣದಿಂದ ಇರಬಹುದು, ಇಲ್ಲವೇ ಚಾಲೂ ಮಾಡಿದ ವಾಹನದಿಂದ ಇರಬಹುದು ಎಂದು ತನಿಖಾ ಸಮಿತಿ ಹೇಳಿತು. ಅಲ್ಲಿ ಆವಿ ಬಂದದ್ದು ಪೈಪಿನಲ್ಲಿ ಅಲ್ಲ, ಬಯಲಿನಲ್ಲಿ. ಆದರೂ ಎರಡೂ ಕಡೆ ಆದದ್ದು ಒಂದೇ. ಗ್ಯಾಸ್ ಬರುವುದಿಲ್ಲ ಎಂದು ಎಣಿಸಿದ್ದ ಜಾಗಕ್ಕೆ ಅದು ಬಂದಿತ್ತು.

ಇದನ್ನು ಓದುತ್ತಿರುವ ಎಲೆಕ್ಟ್ರಿಷಿಯನ್‌ಗಳಿಗೆ, ಬಂಕಿನಲ್ಲಿ, ಡಿಸ್ಟಿಲರಿಯಲ್ಲಿ ಕೆಲಸ ಮಾಡುವವರಿಗೆ ನಮ್ಮದೊಂದು ಮಾತು. ಹೊಸ ಕೇಬಲ್ ಎಳೆಯಲು ಸೀಲ್ ಒಡೆದರೆ ಅದನ್ನು ಮತ್ತೆ ತುಂಬಿದ ಮೇಲೆಯೇ ಕೆಲಸ ಮುಗಿದಂತೆ. ಸಿಸಿಟಿವಿಗೋ ಪ್ರಿಂಟರಿಗೋ ಒಂದು ವೈರ್ ಎಂದು ಫ್ಲೇಮ್‌ಪ್ರೂಫ್ ಪೆಟ್ಟಿಗೆಗೆ ತೂತು ಕೊರೆದರೆ ಅದು ಫ್ಲೇಮ್‌ಪ್ರೂಫ್ ಆಗಿ ಉಳಿಯುವುದಿಲ್ಲ. ಕೇಬಲ್ ತೆಗೆದ ತೂತಿಗೆ ಸರಿಯಾದ ಬಿರಡೆ ಹಾಕಬೇಕು, ಪ್ಲಾಸ್ಟಿಕ್ ಚೀಲ ತುರುಕಿದರೆ ನಡೆಯದು. ಕಾಲುವೆಯಿಂದ ತೆಗೆದ ಮರಳನ್ನು ಮತ್ತೆ ತುಂಬಬೇಕು. ಮುಚ್ಚಳದ ಎಂಟು ಬೋಲ್ಟಿನಲ್ಲಿ ಒಂದು ಕಳೆದಿದ್ದರೆ ಏಳು ಸಾಕು ಎನ್ನಬಾರದು. ಮೇಲಿನವರು ಬೇಗ ಮುಗಿಸು ಎಂದು ಅವಸರ ಮಾಡಿದಾಗ ಇದನ್ನು ಹೇಳುವುದು ಕಷ್ಟ, ನಮಗೆ ಗೊತ್ತು. ಆದರೆ ಸಣ್ಣ ಕೆಲಸವೆಂದು ಬಿಟ್ಟ ಸೀಲಿನ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬರು ಪಾಳಿಯಲ್ಲಿರುತ್ತಾರೆ.

ಉಳಿದವರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಕೆಲಸಕ್ಕೆ ಹೋಗುವ ಹುಡುಗರಿದ್ದರೆ ಇದನ್ನು ಅವರಿಗೆ ಕಳಿಸಿ. ಅವರು ಕೆಲಸ ಮಾಡುವ ಜಾಗದಲ್ಲಿ ಮೊದಲ ಸೀಲ್ ಸೋತರೆ ಯಾರಿಗೆ, ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಲಿ.